ಮೊಮ್ಮಗಳ ಬಾಯಾರಿಕೆ

ಗಾಜಿನ ಕೊಳವೆಯಲ್ಲಿ ನೀರಿರಲಿಲ್ಲ.

ಮೊದಲು ಕಂಡಿದ್ದು ಡ್ರೈವರನಿಗೆ. "ನೀರು—" ಎಂದು ಕೂಗಿದ. ಹಳಿಯ ಪಕ್ಕ ನಡೆದು ಬರುತ್ತಿದ್ದ ಬಾಯ್ಲರ್ ಮಾವ ಮಂಡಿನೋವು ಮರೆತು ಓಡಿದರು. ಉದ್ದನೆಯ ಕೊಕ್ಕೆ ತೂರಿಸಿ ಒಲೆಯ ಕೆಂಡವನ್ನೆಲ್ಲ ಜಲ್ಲಿಯ ಮೇಲೆ ಎಳೆದು ಹಾಕಿದರು. ಬುಸ್ಸೆಂದು ಒಂದಿಷ್ಟು ಹೊಗೆ ಎದ್ದಿತು. ಆಮೇಲೆ ಸದ್ದಿಲ್ಲ. ಅಣ್ಣ ಕಟ್ಟಿದ ಪುಟ್ಟ ಇಂಜಿನ್ನು ಮೊದಲನೆಯ ಓಟದಲ್ಲಿಯೇ, ಮೂರು ಸುತ್ತು ಮುಗಿಸದೆ ನಿಂತುಹೋಗಿತ್ತು.

ನಾನು ಹಸಿರು ಬಾವುಟ ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಆ ಗಾಜಿನ ಕೊಳವೆ ತೋರಿಸುವುದು ಬಾಯ್ಲರಿನ ನೀರಿನ ಮಟ್ಟ. ಬಾಯ್ಲರಿನಲ್ಲಿ ನೀರಿಲ್ಲದೆ ಕೆಳಗೆ ಬೆಂಕಿ ಉರಿದರೆ ತಾಮ್ರ ಸುಟ್ಟುಹೋಗುತ್ತದೆ, ಸಿಡಿದರೂ ಸಿಡಿಯಬಹುದು. ಮಾವ ಓಡಿದ್ದು ಅದಕ್ಕೇ. ಆದರೆ ನೀರು ಎಲ್ಲಿ ಹೋಯಿತು? ಅದೇ ಸೋಜಿಗ. ಇಂಜಿನ್ನಿನ ಬೆನ್ನಿಗೆ ಕಟ್ಟಿದ ಪುಟ್ಟ ಗಾಡಿಯಲ್ಲಿ— ಅದಕ್ಕೆ ಟೆಂಡರು ಎನ್ನುತ್ತೇವೆ— ಬೇಕಾದಷ್ಟು ನೀರಿತ್ತು. ಡ್ರೈವರ್ ಅದರ ಮುಚ್ಚಳ ತಿರುಗಿಸಿ ತೆಗೆದು ಎಲ್ಲರಿಗೂ ತೋರಿಸಿದ. ಅಲ್ಲಿ ನೀರು, ಇಲ್ಲಿ ಒಣಗಿದ ಬಾಯ್ಲರು. ನಡುವೆ ಇದ್ದಿದ್ದು ಒಂದು ರಬ್ಬರ್ ಕೊಳವೆ, ಒಂದು ಪಂಪು.

ಆ ಪಂಪು ಅಣ್ಣ ಮಾಡಿದ್ದು. ಅಣ್ಣ ಈಗ ಇಲ್ಲ.

ಇಂಜಿನ್ನಿನ ವಂಶಾವಳಿ ಹೇಳದೆ ಮುಂದೆ ಹೋಗಲಾಗದು. ನಮ್ಮ ಕವಲು ರೈಲು ದಾರಿಯಲ್ಲಿ ಓಡುತ್ತಿದ್ದ ಹಬೆ ಇಂಜಿನ್ನಿಗೆ ಎಲ್ಲರೂ ಅಜ್ಜಿ ಎನ್ನುತ್ತಿದ್ದೆವು. ಕಾಗದದ ಮೇಲೆ ಅದಕ್ಕೊಂದು ನಂಬರಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏರು ಬಂದರೆ ಏದುಸಿರು, ನಿಂತಲ್ಲಿ ಗೊಣಗಾಟ, ಬೆಳಿಗ್ಗೆ ಮೈ ಬೆಚ್ಚಗಾಗುವವರೆಗೆ ಯಾರ ಮಾತೂ ಕೇಳದ ಹಟ— ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ಡ್ರೈವರ್ ಅವಳನ್ನು ಓಡಿಸಿದವನು. ಬಾಯ್ಲರ್ ಮಾವ ಅವಳ ಹೊಟ್ಟೆಯೊಳಗೆ ಕಟ್ಟಿದ ಸುಣ್ಣ ಕೆರೆದವರು. ಅವರು ಯಾರಿಗೂ ನೆಂಟರಲ್ಲ, ಎಲ್ಲರಿಗೂ ಮಾವ. ಅಣ್ಣ ಶೆಡ್ಡಿನ ಫಿಟ್ಟರು, ಅವಳ ಒಂದೊಂದು ಕೀಲನ್ನೂ ಬಿಚ್ಚಿ ಜೋಡಿಸಿದವನು. ನಾನು ಗಾರ್ಡು, ಕೊನೆಯ ಬೋಗಿಯಲ್ಲಿ ಕುಳಿತು ಅವಳ ಹೊಗೆ ಕುಡಿದವನು. ಆಮೇಲೆ ದಾರಿ ಮುಚ್ಚಿದರು. ಅಜ್ಜಿಯನ್ನು ತುಂಡು ತುಂಡು ಮಾಡಿ ಗುಜರಿಗೆ ಹಾಕಿದರು. ನಿಲ್ದಾಣ ಈಗ ಸಿಮೆಂಟಿನ ಗೋದಾಮು. ಇವತ್ತಿಗೂ ಅದರ ಮುಂದೆ ಹಾದುಹೋಗುವಾಗ ನನಗೆ ಬಿಸಿ ಎಣ್ಣೆ, ಒದ್ದೆ ಕಲ್ಲಿದ್ದಲಿನ ವಾಸನೆ ಬರುತ್ತದೆ. ಇಲ್ಲದ ವಾಸನೆ ಅಂತ ಗೊತ್ತು. ಆದರೂ ಸ್ವಲ್ಪ ನಿಂತು ಉಸಿರೆಳೆದುಕೊಂಡೇ ಮುಂದೆ ಹೋಗುತ್ತೇನೆ.

ನಿವೃತ್ತನಾದ ಮೇಲೆ ಅಣ್ಣ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಜ್ಜಿಯನ್ನು ಮತ್ತೆ ಕಟ್ಟತೊಡಗಿದ, ಮಂಡಿಯೆತ್ತರದಲ್ಲಿ. ಅಲಂಕಾರಕ್ಕೆ ಇಡುವ ಬೊಂಬೆಯಲ್ಲ. ನಿಜವಾದ ಕಲ್ಲಿದ್ದಲು ತಿಂದು, ನಿಜವಾದ ನೀರು ಕುಡಿದು, ಹಿಂದಿನ ತಳ್ಳುಗಾಡಿಯಲ್ಲಿ ದೊಡ್ಡವರನ್ನು ಕೂರಿಸಿಕೊಂಡು ಓಡುವ ಇಂಜಿನ್ನು. ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಆದರೂ ಮೊಮ್ಮಗಳು ಎಂದು ಹೆಸರಿಟ್ಟೆವು. ಮುಗಿಯುವ ಮೊದಲೇ ಅಣ್ಣ ಆಸ್ಪತ್ರೆ ಸೇರಿದ, ಮರಳಿ ಬರಲಿಲ್ಲ. ಉಳಿದ ಕೆಲಸ ಸ್ನೇಹಿತರು ಹಂಚಿಕೊಂಡರು. ಹಳೆಯ ಸರಕು ಶೆಡ್ಡಿನ ಬಯಲಲ್ಲಿ ದುಂಡಗೆ ಪುಟ್ಟ ಹಳಿ ಹಾಕಿದೆವು. ಬಾಯ್ಲರು ಮಾವನದು. ಟೆಂಡರಿಗೆ ಅಂತಿಮ ರೂಪ ಕೊಟ್ಟು ಬಣ್ಣ ಬಳಿದವನು ಡಬ್ಬಿ.

ಡಬ್ಬಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಅವನೊಬ್ಬನೇ ರೈಲ್ವೆಯವನಲ್ಲದವನು. ಬಿಸ್ಕತ್ತಿನ ಕಾರ್ಖಾನೆಗೆ ತಗಡಿನ ಡಬ್ಬಿ ಮಾಡುತ್ತಿದ್ದವನು. ಅವನು ಮುಚ್ಚಿದ ಡಬ್ಬಿಯಲ್ಲಿ ಬಿಸ್ಕತ್ತು ಮಳೆಗಾಲ ಕಳೆದರೂ ಕುರುಂ ಎನ್ನುತ್ತಿತ್ತು. ಇರುವೆ ಇರಲಿ, ಇರುವೆಯ ಯೋಚನೆ ಕೂಡ ಒಳಗೆ ಹೋಗದು ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ದಿನಾ ಸಂಜೆ ಅಣ್ಣನ ಶೆಡ್ಡಿಗೆ ಬಂದು ಕೂರುವುದು ಅವನ ಬದುಕಿನ ಒಂದು ಭಾಗವಾಗಿತ್ತು. ಅಣ್ಣ ಹೋದ ಮೇಲೂ ಕೆಲವು ದಿನ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂತು ಹೋಗಿದ್ದನಂತೆ.

ಮೊಮ್ಮಗಳನ್ನು ಮತ್ತೆರಡು ಸಲ ಓಡಿಸಿದೆವು. ಎರಡು ಸಲವೂ ಅದೇ ಕಥೆ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಗಂಡನ ಚಿಂತೆ ಎನ್ನುತ್ತಾರೆ. ನಮ್ಮ ಮೊಮ್ಮಗಳಿಗೆ ನೀರಿನ ಚಿಂತೆ. ಮೂರನೆಯ ಸಲ ಕೆಂಡ ಎಳೆದು ಹಾಕಿದ ಮೇಲೆ ಬಾಯ್ಲರ್ ಮಾವ ಕೈ ಒರೆಸಿಕೊಂಡು ತೀರ್ಪು ಕೊಟ್ಟರು. ತಪ್ಪು ಪಂಪಿನದು. ಭಾನುವಾರ ಹಳೆಯ ರೈಲ್ವೆಯವರೆಲ್ಲ ನೋಡಲು ಬರುತ್ತಾರೆ, ಅವರೆದುರು ಮರ್ಯಾದೆ ಹೋಗಬಾರದು. ಅಣ್ಣನ ಪಂಪು ಬಿಚ್ಚಿ ಬಿಸಾಕಿ ಅಂಗಡಿಯದು ಹಾಕೋಣ.

ಬಿಸಾಕಿ. ಆ ಮಾತು ನನ್ನ ಎದೆಗೆ ಮುಳ್ಳಿನಂತೆ ಚುಚ್ಚಿತು. ಆ ಪಂಪು ಅಣ್ಣ ಮುಗಿಸಿದ ಕೊನೆಯ ದೊಡ್ಡ ಕೆಲಸ. ನಾನು ಸೀದಾ ಅತ್ತಿಗೆಯ ಮನೆಗೆ ಹೋದೆ.

ಅತ್ತಿಗೆ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವರು. ಅವರು ವಾರ್ಡಿಗೆ ಕಾಲಿಟ್ಟರೆ ರೋಗಿಗಳಿರಲಿ, ಡಾಕ್ಟರುಗಳೇ ಮಂಚದ ಮೇಲೆ ನೆಟ್ಟಗೆ ಕೂರುತ್ತಿದ್ದರು ಎಂದು ಪ್ರತೀತಿ. ಯಾರೋ ಹೊಟ್ಟೆನೋವೆಂದರೆ ಹೊಟ್ಟೆ ನೋಡುವ ಮೊದಲು ಚಪ್ಪಲಿ ನೋಡುವವರು. ಕಳುವಾದ ಗಡಿಯಾರ, ಕಾಣೆಯಾದ ಕೀಲಿಕೈ, ಸುಳ್ಳು ಹೇಳುವ ಅಳಿಯ— ಬೀದಿಯವರ ಇಂಥ ಕೇಸುಗಳೆಲ್ಲ ಕೊನೆಗೆ ಅವರ ಬಾಗಿಲಿಗೇ ಬರುತ್ತಿದ್ದವು. ಆದರೆ ಅಣ್ಣ ಹೋದಮೇಲೆ ಅವರು ಶೆಡ್ಡಿನ ಕಡೆ ತಿರುಗಿಯೂ ನೋಡಿರಲಿಲ್ಲ.

ನಾನು ಎಲ್ಲ ಹೇಳಿದೆ. ಅವರು ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡರು.

"ಪಂಪಿನಲ್ಲಿ ಏನು ತಪ್ಪು ಸಿಕ್ತು?"

"ಬಿಚ್ಚಿ ನೋಡಿದ್ರಂತೆ ಅತ್ತಿಗೆ. ಏನೂ ಸಿಗಲಿಲ್ಲ."

"ಏನೂ ಸಿಗದೆ ಶಿಕ್ಷೆ?"

"ಬೇರೆ ಯಾವುದರಲ್ಲೂ ತಪ್ಪಿಲ್ಲ ಅಂತಾರೆ."

ಅತ್ತಿಗೆ ಅಣ್ಣನ ಹಳೆಯ ಅಂಗಿಯನ್ನು ಮಡಿಸಿ, ಅದರ ಮೇಲೆ ಅಂಗೈ ಇಟ್ಟರು. "ಬೇರೆಯದೆಲ್ಲ ಬದುಕಿರೋರು ಮಾಡಿದ್ದು. ಅವರು ಬಾಯಿಬಿಟ್ಟು ಹೇಳ್ಕೋತಾರೆ. ಸತ್ತವರ ಮೇಲೆ ಕೇಸು ಹಾಕೋದು ಸುಲಭ ಕಣೋ. ನಡಿ."

ಮೊದಲು ಡ್ರೈವರ್. ಅವನು ಮನೆಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ; ಅತ್ತಿಗೆಯನ್ನು ಕಂಡು ಲೋಟ ಕೆಳಗಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಹಾಗೆ ಹೇಳುವವನಲ್ಲ, ಆದರೂ ತಪ್ಪು ನನ್ನದಲ್ಲ ಎಂದು ಯಾರೂ ಕೇಳದೆ ಶುರುಮಾಡಿದ. ಅತ್ತಿಗೆ ಅವನ ಮಾತನ್ನು ಅಲ್ಲಿಗೇ ತುಂಡರಿಸಿದರು. ರೋಗ ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ರೋಗಿ ಏನು ಕುಡಿದಿತ್ತು, ಅಷ್ಟು ಸಾಕು ಎಂದರು.

"ಟೆಂಡರಿಗೆ ಎಷ್ಟು ನೀರು ಹಾಕಿದ್ರಿ?"

"ಮೊದಲೆರಡು ಸಲ ಕಂಠದವರೆಗೆ. ಮೂರನೇ ಸಲ ಬಿಂದಿಗೆ ಸೋರ್ತಿತ್ತು ಸಿಸ್ಟರ್, ಅರ್ಧ ಆದರೂ ಆಗಲಿ ಅಂತ ಹೊರಟೆ."

"ಆವತ್ತು ಎಲ್ಲಿ ನಿಂತಿತು?"

"ತುಂಬಾ ಸುತ್ತು ಹೋದ ಮೇಲೆ, ಸಿಸ್ಟರ್," ಎಂದ ಡ್ರೈವರ್. ಆವತ್ತು ಚೆನ್ನಾಗಿ ಓಡಿತ್ತು. ರೋಗ ವಾಸಿಯಾಯಿತೆಂದು ನಾವೆಲ್ಲ ಬೀಗುವಷ್ಟು ಸುತ್ತು ಓಡಿ, ಆಮೇಲೆ ಕೈಕೊಟ್ಟಿತ್ತು.

"ಅಂದ್ರೆ ಹೊಟ್ಟೆ ತುಂಬ ನೀರಿದ್ದಾಗ ಬೇಗ ಬಾಯಾರಿತು. ಅರ್ಧ ಇದ್ದಾಗ ತಡವಾಗಿ ಬಾಯಾರಿತು. ಅಲ್ವಾ?"

"ಅದೇನೋ ಹಾಗಾಯ್ತು ಅಷ್ಟೆ, ಸಿಸ್ಟರ್."

"ನಿಂತ ಮೇಲೆ ನೀವು ಮೊದಲು ಮಾಡಿದ್ದೇನು?"

"ಟೆಂಡರಿನ ಮುಚ್ಚಳ ತೆಗೆದು ನೀರಿದೆಯಾ ಅಂತ ನೋಡ್ದೆ."

"ಪ್ರತಿ ಸಲವೂ?"

"ಪ್ರತಿ ಸಲವೂ. ಯಾರಾದ್ರೂ ಅದನ್ನೇ ಮಾಡೋದು. ಬಲು ಬಿಗಿ ಮುಚ್ಚಳ. ಬಟ್ಟೆ ಸುತ್ತಿ ತಿರುಗಿಸಬೇಕು, ತಗಡು ಟಪ್ ಅನ್ನುತ್ತೆ, ಆಮೇಲೆ ಬರುತ್ತೆ."

ಆಮೇಲೆ ಪಂಪು ಹೇಗಿತ್ತೆಂದು ಅತ್ತಿಗೆ ಕೇಳಿದರು. ಅದೇ ತಲೆನೋವು ಎಂದ ಅವನು. ಪಂಪನ್ನು ನಡೆಸುವ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಅದು ಸೊಗಸಾಗಿ ನೀರೆಳೆಯುತ್ತದೆ. ಡಾಕ್ಟರು ಬಂದ ಕೂಡಲೇ ಜ್ವರ ಬಿಡುವ ರೋಗಿಯ ಹಾಗೆ.

"ಅಂಥ ರೋಗಿಗಳನ್ನ ನಾನು ಬೇಕಾದಷ್ಟು ನೋಡಿದೀನಿ," ಎಂದು ಅತ್ತಿಗೆ ಎದ್ದರು.

ಬಾಯ್ಲರ್ ಮಾವನ ಕೋಣೆಯಲ್ಲಿ ತಾಮ್ರದ ತುಣುಕು, ಸುತ್ತಿಗೆ, ಸುಟ್ಟ ವಾಸನೆ. ಮಾವ ಬಿರುಸು ಮನುಷ್ಯ, ಆದರೆ ಅತ್ತಿಗೆಗೆ ಕೂರಲು ಸ್ಟೂಲನ್ನು ತಮ್ಮ ಅಂಗಿಯ ತುದಿಯಿಂದಲೇ ಒರೆಸಿಕೊಟ್ಟರು. ಪಂಪು ಒಲೆಗೆ ಹತ್ತಿರ ಇದೆ, ಓಡಿ ಓಡಿ ಬಿಸಿಯಾದ ಮೇಲೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಳಗಿನ ಗುಂಡು ಕಚ್ಚಿಕೊಳ್ಳುತ್ತದೆ, ತಣ್ಣಗಾದರೆ ಬಿಡುತ್ತದೆ ಎಂದು ವಿವರಿಸಿದರು. ಕೇಳಲು ಸರಿಯಾಗಿಯೇ ಇತ್ತು. ನನಗೂ ಹೌದೆನ್ನಿಸಿ, ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಯಿತು.

"ನೀವೇ ಬಿಚ್ಚಿದ್ರಲ್ಲ. ಗುಂಡು ಕಚ್ಚಿದ ಗುರುತು ಇತ್ತಾ?"

"ಇರಲಿಲ್ಲ. ಆದ್ರೆ ಸಿಸ್ಟರ್... ಅವನ ಕೈ ಕೊನೆಕೊನೆಗೆ..." ಮಾವ ಸುತ್ತಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಕೈ? ಏನಾಗಿತ್ತು ಕೈಗೆ?" ಎಂದು ಕೇಳಿದೆ ನಾನು.

"ಏನಿಲ್ಲ ಬಿಡು."

ಅತ್ತಿಗೆ, ಮಾವ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಣ್ಣನ ಕೈಗೆ ಏನಾಗಿತ್ತು? ನನಗಂತೂ ಗೊತ್ತಿರಲಿಲ್ಲ.

ಅತ್ತಿಗೆ ದನಿ ಬದಲಿಸಿದರು. "ಮೇಜಿನ ಮೇಲಿಟ್ಟು ಪಂಪು ಪರೀಕ್ಷೆ ಮಾಡಿದ್ರಲ್ಲ, ಆವಾಗ ನೀರು ಎಲ್ಲಿಂದ ಎಳೀತು?"

"ಬಕೆಟ್ಟಿಂದ."

"ಬಕೆಟ್ಟಿಗೆ ಮುಚ್ಚಳ ಇತ್ತಾ?"

ಮಾವ ನಕ್ಕರು. "ಬಕೆಟ್ಟಿಗೆ ಯಾರಾದ್ರೂ ಮುಚ್ಚಳ ಹಾಕ್ತಾರಾ?"

ಅತ್ತಿಗೆ ನಗಲಿಲ್ಲ. ದೊಡ್ಡ ಇಂಜಿನ್ನುಗಳ ಟೆಂಡರಿಗೆ ಮುಚ್ಚಳ ಹೇಗಿರುತ್ತಿತ್ತು ಎಂದು ಕೇಳಿದರು. ಸುಮ್ಮನೆ ಮೇಲೆ ಬಿದ್ದಿರುತ್ತಿತ್ತು, ಎಷ್ಟೋ ಸಲ ಇರುತ್ತಲೇ ಇರಲಿಲ್ಲ ಎಂದರು ಮಾವ. ಇಲ್ಲಿ ಮಾತ್ರ ಅಣ್ಣ ರಬ್ಬರಿನ ಬಳೆಯಿಟ್ಟು ತಿರುಪಿನ ಮುಚ್ಚಳ ಮಾಡಿದ್ದ. ತಿರುವಿನಲ್ಲಿ ನೀರು ತುಳುಕಿ ಓಡಿಸುವವನ ಪಂಚೆ, ಪ್ಯಾಂಟು ಒದ್ದೆಯಾಗಬಾರದೆಂದು.

ಕೊನೆಗೆ ಡಬ್ಬಿಯ ಅಂಗಡಿ. ಗೋಡೆಯ ತುಂಬ ಖಾಲಿ ಡಬ್ಬಿಗಳು ಹೊಳೆಯುತ್ತಿದ್ದವು. ಅವನು ನಮ್ಮನ್ನು ಕಂಡು ಎದ್ದು ನಿಂತವನು ಕೂರಲೇ ಇಲ್ಲ. ಟೆಂಡರನ್ನು ಯಾವಾಗ ಮನೆಗೆ ತಂದೆ ಎಂದು ಅತ್ತಿಗೆ ಕೇಳಿದರೆ, ಅಣ್ಣ ಆಸ್ಪತ್ರೆಗೆ ಹೋದ ದಿನವೇ ಎಂದ.

"ಆಗ ಹೇಗಿತ್ತು?"

"ಬಣ್ಣ ಆಗಿರಲಿಲ್ಲ ಅಕ್ಕ. ಅಲ್ಲಿ ಇಲ್ಲಿ ಸಣ್ಣಪುಟ್ಟ ಕೆಲಸ ಇತ್ತು."

"ಏನು ಸಣ್ಣಪುಟ್ಟ?"

ಡಬ್ಬಿ ಬೆಸುಗೆಯ ಕಡ್ಡಿಯನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದ. ಅವನ ಕಿವಿ ಕೆಂಪಾಗಿತ್ತು. ಅತ್ತಿಗೆ ಒತ್ತಾಯಿಸಲಿಲ್ಲ. ಆಶ್ಚರ್ಯವೆಂದರೆ, ಅವನ ಹೆಗಲು ತಟ್ಟಿ ಹೊರಗೆ ಬಂದರು.

ದಾರಿಯಲ್ಲಿ ನಾನು ನನ್ನ ಪತ್ತೇದಾರಿಕೆ ಮುಂದಿಟ್ಟೆ. ಕಳ್ಳನ ಮನಸ್ಸು ಹುಳ್ಳಗೆ. ಡಬ್ಬಿ ಎಲ್ಲೋ ಬೆಸುಗೆ ಕೆಡಿಸಿದ್ದಾನೆ, ಗಾಳಿ ಸೋರುತ್ತಿದೆ, ಪಂಪು ನೀರಿನ ಬದಲು ಗಾಳಿ ಎಳೆಯುತ್ತಿದೆ.

"ಅರ್ಧ ಸರಿ," ಎಂದರು ಅತ್ತಿಗೆ. "ಗಾಳಿಯ ವಿಷಯ ಹೌದು. ಆದ್ರೆ ನೀನು ತಿರುಗಾಮುರುಗಾ ಹಿಡಿದಿದೀಯ."

ಭಾನುವಾರ ಬೆಳಿಗ್ಗೆ, ಜನ ಸೇರುವ ಮೊದಲೇ, ಅತ್ತಿಗೆ ನಾಲ್ವರನ್ನೂ ಹಳಿಯ ಬಳಿ ಕರೆಸಿದರು. ಬಾಯ್ಲರ್ ಮಾವ ಅಂಗಡಿಯ ಪಂಪನ್ನು ರಟ್ಟಿನ ಡಬ್ಬದಲ್ಲಿ ತಂದಿದ್ದರು. ಅತ್ತಿಗೆ ಅದನ್ನು ಬೆಂಚಿನ ಮೇಲೆ ಇಡಿಸಿ, ಒಂದು ಸಲ, ಒಂದೇ ಸಲ, ಹಳೆಯ ಪಂಪಿನಲ್ಲೇ ಓಡಿಸಿ ಎಂದರು. ಟೆಂಡರು ಕಂಠದವರೆಗೆ ತುಂಬಬೇಕು. ಮುಚ್ಚಳ ಬಿಗಿಯಾಗಬೇಕು. ಗಾಜಿನಲ್ಲಿ ನೀರು ಇಳಿಯತೊಡಗಿದ ಕೂಡಲೇ ನಿಲ್ಲಿಸಬೇಕು.

ಮೊಮ್ಮಗಳು ಚುಕ್ ಚುಕ್ ಎಂದು ಹೊರಟಳು. ಆ ಸದ್ದಿಗೆ ನನಗೆ ಒಳಗೆ ಏನೋ ಆಗುತ್ತದೆ, ಈಗಲೂ ಆಗುತ್ತದೆ. ಮೊದಲ ಸುತ್ತು. ಎರಡನೆಯ ಸುತ್ತಿನ ಅರ್ಧದಲ್ಲಿ ಡ್ರೈವರ್ ಕೈ ಎತ್ತಿದ. ನೀರು ಇಳಿಯುತ್ತಿದೆ. ಗಾಡಿ ನಿಂತಿತು. ನಿಂತದ್ದೇ ತಡ, ಮೂರು ಕೈಗಳು ಒಟ್ಟಿಗೆ ಟೆಂಡರಿನ ಮುಚ್ಚಳದ ಕಡೆ ಚಾಚಿದವು.

"ಮುಟ್ಟಬೇಡಿ."

ವಾರ್ಡಿನ ದನಿ ಅದು. ಮೂರು ಕೈಗಳೂ ಗಾಳಿಯಲ್ಲೇ ನಿಂತವು.

"ಮಾವ, ಇಲ್ಲಿ ಬನ್ನಿ. ಟೆಂಡರಿಂದ ಪಂಪಿಗೆ ಹೋಗೋ ರಬ್ಬರ್ ಕೊಳವೆ ಮುಟ್ಟಿ ನೋಡಿ."

ಮಾವ ಬಗ್ಗಿ ಮುಟ್ಟಿದರು. ಮುಖ ಮೇಲೆತ್ತಲಿಲ್ಲ. "ಚಪ್ಪಟೆಯಾಗಿದೆ," ಎಂದರು. "ರಿಬ್ಬನ್ ಥರ. ಇದು ಯಾವಾಗ..."

"ಪ್ರತಿ ಸಲವೂ ಹೀಗೇ ಆಗಿತ್ತು. ನೀವು ಯಾರೂ ನೋಡಲಿಲ್ಲ. ಯಾಕಂದ್ರೆ ನೋಡೋಕೆ ಮುಂಚೆ ಮುಚ್ಚಳ ತೆಗೀತಿದ್ರಿ. ಈಗ ಕೊಳವೆ ಮೇಲೆ ಕೈ ಇಟ್ಟುಕೊಂಡೇ ಇರಿ. ಡ್ರೈವರ್, ತೆಗೀರಿ."

ಡ್ರೈವರ್ ಬಟ್ಟೆ ಸುತ್ತಿ ತಿರುಗಿಸಿದ. ತಗಡು ಟಪ್ ಎಂದಿತು. ಮಾವ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಕೊಳವೆ ಅವರ ಬೆರಳ ಕೆಳಗೇ ಉಬ್ಬಿ ದುಂಡಗಾಗಿತ್ತು.

ಅತ್ತಿಗೆ ಮಾತಾಡತೊಡಗಿದರು, ಸಾವಕಾಶವಾಗಿ, ಹೊಸ ಹುಡುಗಿಯರಿಗೆ ಕೆಲಸ ಕಲಿಸುವವರ ಹಾಗೆ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಲೈನು ಬರುತ್ತಿದ್ದುದು ಗಾಜಿನ ಬಾಟಲಿಯಲ್ಲಿ. ತಲೆಕೆಳಗಾಗಿ ನೇತುಹಾಕಿ ಬಿರಡೆಗೆ ಎರಡು ಸೂಜಿ ಚುಚ್ಚಬೇಕು. ಒಂದು ರೋಗಿಗೆ ನೀರು ಹೋಗಲು. ಇನ್ನೊಂದು ಒಳಗೆ ಗಾಳಿ ಬರಲು. ಎರಡನೆಯದನ್ನು ಹೊಸಬರು ಮರೆಯುತ್ತಿದ್ದರು. ಹನಿ ಸ್ವಲ್ಪ ಹೊತ್ತು ಬೀಳುತ್ತದೆ, ಆಮೇಲೆ ನಿಲ್ಲುತ್ತದೆ. ನೀರು ಹೋದ ಜಾಗಕ್ಕೆ ಗಾಳಿ ಬಾರದಿದ್ದರೆ ಬಾಟಲಿ ನೀರನ್ನು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ.

"ತುಂಬಿದ ಬಾಟಲಿ ಬೇಗ ನಿಲ್ಲುತ್ತೆ, ಒಳಗೆ ಗಾಳಿಗೆ ಜಾಗ ಕಡಿಮೆ ಇರುತ್ತಲ್ಲ. ಅರ್ಧ ಬಾಟಲಿ ತಡವಾಗಿ ನಿಲ್ಲುತ್ತೆ. ಡ್ರೈವರ್ ಸೋರೋ ಬಿಂದಿಗೆಯ ಕಥೆ ಹೇಳಿದಾಗಲೇ ನನಗೆ ಅರ್ಧ ಗೊತ್ತಾಯ್ತು. ಪಂಪು ನೀರೆಳೀತಿತ್ತು. ಟೆಂಡರು ಕೊಡ್ತಿರಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಮಾವ ಹಣೆ ಚಚ್ಚಿಕೊಂಡರು. "ಹಾಗಾದ್ರೆ ತಪ್ಪು ಮುಚ್ಚಳದ್ದು. ಮುಚ್ಚಳ ಮಾಡಿದ್ದೂ ಅವನೇ. ಗಾಳಿಗೆ ದಾರಿ ಬಿಡೋದು ಮರೆತ."

"ಮರೆತಿರಲಿಲ್ಲ."

ಅತ್ತಿಗೆ ಮುಚ್ಚಳವನ್ನು ಕೈಗೆ ತೆಗೆದುಕೊಂಡರು. ತಲೆಯಿಂದ ಪಿನ್ನು ಎಳೆದು, ಹಿಡಿಕೆಯ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ ಕಪ್ಪು ಬಣ್ಣ ಕೆರೆದರು. ಬೆಳ್ಳಗೆ ಒಂದು ಚುಕ್ಕೆ ಹೊಳೆಯಿತು. ಸಾಸಿವೆಯಷ್ಟು ಬೆಸುಗೆ.

"ಇಲ್ಲಿ ತೂತಿತ್ತು. ಯಾರೋ ಮುಚ್ಚಿದಾರೆ. ಯಾರು?"

ಕೇಳುವ ಅಗತ್ಯವೇ ಇರಲಿಲ್ಲ. ಅಂಥ ಬೆಸುಗೆ ಹಾಕುವ ಕೈ ನಮ್ಮಲ್ಲಿ ಒಂದೇ.

"ನಾನು ಅಕ್ಕ," ಎಂದ ಡಬ್ಬಿ.

ಅವನ ಮಾತು ತುಂಡುತುಂಡಾಗಿ ಬಂತು. ಕೊನೆಯ ವರ್ಷ ಅಣ್ಣನ ಕೈ ನಡುಗುತ್ತಿತ್ತು. ಡ್ರಿಲ್ಲು ಜಾರುತ್ತಿತ್ತು, ತೂತು ಇರಬೇಕಾದಲ್ಲಿ ಬಿಟ್ಟು ಪಕ್ಕದಲ್ಲಿ ಬೀಳುತ್ತಿತ್ತು. ಅಷ್ಟು ವರ್ಷ ಶೆಡ್ಡಿನಲ್ಲಿ ಹೆಸರು ಮಾಡಿದ ಫಿಟ್ಟರು. ನಾಳೆ ಯಾರಾದರೂ ನೋಡಿ ನಕ್ಕರೆ? ಅಣ್ಣ ಒಳಗೆ ಮಲಗಲು ಹೋದಾಗ ಡಬ್ಬಿ ಅಂಥ ತೂತುಗಳನ್ನು ಒಂದೊಂದಾಗಿ ಬೆಸುಗೆಯಿಂದ ಮುಚ್ಚಿ, ಅರದಿಂದ ಸವರಿ ಹೋಗುತ್ತಿದ್ದ. ಟೆಂಡರು ಮನೆಗೆ ತಂದಾಗ ಮುಚ್ಚಳದಲ್ಲೂ ಒಂದು ತೂತು ಕಂಡಿತು.

"ಮುಚ್ಚಳದಲ್ಲಿ ತೂತು ಯಾಕಿರುತ್ತೆ ಹೇಳಿ? ನಾನು ಬದುಕಿಡೀ ತೂತಿಲ್ಲದ ಮುಚ್ಚಳ ಮಾಡಿದವನು. ಅದೂ ಕೈತಪ್ಪಿದ್ದೇ ಅಂದ್ಕೊಂಡೆ."

ಬಾಯ್ಲರ್ ಮಾವನಿಗೂ ಕೈ ನಡುಗುತ್ತಿದ್ದುದು ಗೊತ್ತಿತ್ತು; ಅದಕ್ಕೇ ಅವರು ಪಂಪನ್ನು ಅನುಮಾನಿಸಿದ್ದು, ಅದಕ್ಕೇ ಅಂದು ಮಾತು ನುಂಗಿದ್ದು. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ತಮ್ಮನಾಗಿ ಹುಟ್ಟಿ ನಾನು ಕಂಡಿದ್ದೇನು?

ಅತ್ತಿಗೆ ಮುಚ್ಚಳವನ್ನು ಡಬ್ಬಿಯ ಕಣ್ಣ ಮುಂದೆ ಹಿಡಿದರು. "ಸರಿಯಾಗಿ ನೋಡು. ಇದು ಜಾರಿದ ತೂತಾ? ನಟ್ಟ ನಡುವೆ ಇದೆ. ಬೆಳಿಗ್ಗೆ ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತು ಅವರ ಕೈ ನಿಲ್ತಿತ್ತು. ಆ ಹೊತ್ತನ್ನ ಅವರು ಯಾವುದಕ್ಕೂ ಖರ್ಚು ಮಾಡ್ತಿರಲಿಲ್ಲ, ನನ್ನ ಹತ್ರ ಮಾತಾಡೋಕೂ ಇಲ್ಲ. ಪಂಪು ಮಾಡಿದ್ದು ಆ ಹೊತ್ತಲ್ಲಿ. ಈ ತೂತು ಕೊರೆದಿದ್ದೂ ಆ ಹೊತ್ತಲ್ಲೇ, ಆಸ್ಪತ್ರೆಗೆ ಹೊರಡೋ ದಿನ. ಗಾಡಿ ಬಾಗಿಲಲ್ಲಿ ನಿಂತಿತ್ತು, ನಾನು ಬೈತಿದ್ದೆ."

ಬಾಯ್ಲರ್ ಮಾವ ಬೆಂಚಿನ ಮೇಲಿದ್ದ ರಟ್ಟಿನ ಡಬ್ಬವನ್ನು ಎತ್ತಿಕೊಂಡು ಹೋಗಿ ತಮ್ಮ ಸೈಕಲ್ಲಿಗೆ ಕಟ್ಟಿಬಂದರು. ಬಂದವರು ಮಂಡಿಯೂರಿ ಅಣ್ಣನ ಪಂಪಿಗೆ ಒಂದು ಹನಿ ಎಣ್ಣೆ ಬಿಟ್ಟರು. ಅವರ ಬಾಯಲ್ಲಿ ಕ್ಷಮೆ ಎಂಬ ಮಾತು ಹುಟ್ಟಿದ್ದನ್ನು ನಾನು ಕೇಳಿಲ್ಲ, ಅಷ್ಟು ಮಾಡಿದರು.

ತೂತನ್ನು ಡಬ್ಬಿಯೇ ಮತ್ತೆ ಕೊರೆದ. ಬೇಡ, ಮಾವ ಕೊರೆಯಲಿ ಎಂದು ಹಿಂಜರಿದ, ಅತ್ತಿಗೆ ಬಿಡಲಿಲ್ಲ. ಮುಚ್ಚಳವನ್ನು ತಾವೇ ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಬೆಸುಗೆಯ ಪುಡಿ ಅವರ ಸೀರೆಯ ಮೇಲೆ ಉದುರಿತು.

ಅಷ್ಟರಲ್ಲಿ ಜನ ಬರತೊಡಗಿದ್ದರು. ಬಿಳಿ ತಲೆಗಳು, ಊರುಗೋಲುಗಳು, ಯಾವತ್ತೋ ನಿವೃತ್ತರಾದ ಟೋಪಿಗಳು. ನಾನು ಹಸಿರು ಬಾವುಟ ಬೀಸಿದೆ. ಮೊಮ್ಮಗಳು ಹೊರಟಳು. ಮೂರನೆಯ ಸುತ್ತು ದಾಟಿತು, ಆರನೆಯದು ದಾಟಿತು, ಆಮೇಲೆ ಎಣಿಸುವುದನ್ನೇ ಬಿಟ್ಟೆವು. ಗಾಜಿನಲ್ಲಿ ನೀರು ಅಲ್ಲಾಡದೆ ನಿಂತಿತ್ತು. ಪಂಪಿನ ಟಕ್ ಟಕ್ ಸದ್ದು ಪ್ರತಿ ಸುತ್ತಿಗೂ ನಮ್ಮ ಮುಂದೆ ಹಾದುಹೋಗುತ್ತಿತ್ತು. ಇಳಿದು ಬೇರೆಯವರಿಗೂ ಅವಕಾಶ ಕೊಡು ಎಂದು ಮಾವ ಕೂಗಿದರೆ ಡ್ರೈವರ್ ಕಿವಿ ಕೇಳದವನಂತೆ ನಟಿಸಿದ. ಮುದುಕರೆಲ್ಲ ಮಕ್ಕಳ ಹಾಗೆ ಸಾಲುಗಟ್ಟಿದರು. ಒಬ್ಬರಂತೂ ಕಣ್ಣು ಮುಚ್ಚಿ ನಿಂತು ಹೊಗೆ ಮೂಸುತ್ತಿದ್ದರು. ಈ ಸಲ ವಾಸನೆ ನಿಜವಾಗಿಯೂ ಇತ್ತು.

ಡಬ್ಬಿ ಮಾತ್ರ ಇರಲಿಲ್ಲ. ಹುಡುಕಿದರೆ, ಹಳೆಯ ಸರಕು ಶೆಡ್ಡಿನ ಗೋಡೆಗೆ ಒರಗಿ ಬೆನ್ನು ಹಾಕಿ ಕೂತಿದ್ದ. ಅತ್ತಿಗೆ ಹೋಗಿ ಅವನ ಪಕ್ಕದ ಕಲ್ಲಿನ ಮೇಲೆ ಕುಳಿತರು. ನಾನು ಸ್ವಲ್ಪ ದೂರದಲ್ಲಿ ನಿಂತೆ.

"ಅವನಿಗೆ ಗೊತ್ತಾಗಬಾರದು ಅಂತ ಅಷ್ಟು ಹುಷಾರಾಗಿ ಮಾಡಿದೆ ಅಕ್ಕ," ಎಂದ ಡಬ್ಬಿ. "ಕೊನೆಗೆ ಅವನ ಕೆಲಸವನ್ನ ನಾನೇ ಹಾಳುಮಾಡಿದೆ. ಕೆಟ್ಟ ಹೆಸರು ಅವನಿಗೆ ಬಂತು."

ಅತ್ತಿಗೆ ಸೆರಗಿನಲ್ಲಿ ಅಂಟಿದ್ದ ಬೆಸುಗೆಯ ಪುಡಿಯನ್ನು ಬೆರಳಿನಿಂದ ತೆಗೆಯುತ್ತಿದ್ದರು. ಹೇಳಲೋ ಬೇಡವೋ ಎಂದು ತೂಗುತ್ತಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಹೇಳಬಾರದು ಅಂತ ಮಾತು ತಗೊಂಡಿದ್ರು ನನ್ನ ಹತ್ರ," ಎಂದರು. "ಅವರಿಗೆ ಗೊತ್ತಿತ್ತು."

ಡಬ್ಬಿ ತಿರುಗಿದ. "ಏನು ಗೊತ್ತಿತ್ತು?"

"ತಾನು ಹಾಕಿದ ತೂತು ಬೆಳಿಗ್ಗೆ ಎದ್ದು ನೋಡಿದರೆ ಇರಲ್ಲ ಅಂದ್ರೆ ಗೊತ್ತಾಗಲ್ವೇನೋ? ಮೊದಲ ದಿನವೇ ಗೊತ್ತಾಗಿತ್ತು. ನನಗೆ ತೋರಿಸಿದ್ರು. ಡಬ್ಬಿಗೆ ಮಾತ್ರ ಹೇಳಬೇಡ, ಅವನು ನೊಂದ್ಕೋತಾನೆ, ನಾಳೆಯಿಂದ ಬರೋದೇ ಬಿಡ್ತಾನೆ ಅಂದ್ರು. ಅದಕ್ಕೇ ರಾತ್ರಿ ಬೇಗ ಮಲಗೋಕೆ ಹೋಗ್ತಿದ್ದಿದ್ದು. ನಿನಗೆ ಸಮಯ ಸಿಗಲಿ ಅಂತ."

ಹಳಿಯ ಕಡೆಯಿಂದ ಸಿಳ್ಳೆ ಕೇಳಿಸಿತು. ಡಬ್ಬಿ ಮುಂಗೈಯಿಂದ ಮೂಗು ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ತೋರಿಸಿದಾಗ ಏನಂದ ಅಕ್ಕ?"

"ಏನಂತಾರೆ? ಕನ್ನಡಕ ಹಾಕ್ಕೊಂಡು, ಉಗುರಿಂದ ಸವರಿ ಸವರಿ ನೋಡಿದ್ರು. ಬಡ್ಡೀಮಗ ಬೆಸುಗೆ ಚೆನ್ನಾಗಿ ಹಾಕ್ತಾನೆ ಅಂದ್ರು."